ಎಫ್‌ಐಆರ್ ಯಾರು ನೋಡಬಹುದು?

ಚೆನ್ನೈನ ವೆಸ್ಟ್ ಮಾಂಬಲಂನ ನಿವಾಸಿಯೊಬ್ಬರು ತಮ್ಮ ಬಡಾವಣೆಯಲ್ಲಿ ದಾಖಲಾದ ಪ್ರಕರಣದ ಎಫ್‌ಐಆರ್ ನೋಡಬೇಕೆಂದರೆ ಠಾಣೆಗೇ ಹೋಗಬೇಕಿಲ್ಲ. ತಮಿಳುನಾಡು ಪೊಲೀಸ್ ಜಾಲತಾಣದಲ್ಲಿ ಹುಡುಕಬಹುದು. ಇದಕ್ಕೆ ಆಧಾರ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ನೀಡಿದ ಆದೇಶ. ಎಫ್‌ಐಆರ್ ದಾಖಲಾದ 24 ಗಂಟೆಗಳೊಳಗೆ ಪ್ರಕಟವಾಗಬೇಕು. ಸಂಪರ್ಕ ಕಷ್ಟವಿರುವ ಕಡೆ 72 ಗಂಟೆಗಳವರೆಗೆ ಅವಕಾಶವಿದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆ, ಬಂಡುಕೋರ ಚಟುವಟಿಕೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ.

ಈ ವಿನಾಯಿತಿ ಏಕೆ ಮುಖ್ಯವೆಂಬುದನ್ನು ಚೆನ್ನೈ 2024ರ ಡಿಸೆಂಬರ್‌ನಲ್ಲಿ ಕಂಡಿತು. ಅಣ್ಣಾ ವಿಶ್ವವಿದ್ಯಾಲಯದ ಲೈಂಗಿಕ ದೌರ್ಜನ್ಯ ಪ್ರಕರಣದ ಎಫ್‌ಐಆರ್ ಸಂತ್ರಸ್ತೆಯ ವಿವರಗಳೊಂದಿಗೇ ಸೋರಿಕೆಯಾಯಿತು. ಮದ್ರಾಸ್ ಹೈಕೋರ್ಟ್ ಮಹಿಳಾ ಐಪಿಎಸ್ ಅಧಿಕಾರಿಗಳ ವಿಶೇಷ ತನಿಖಾ ತಂಡ ರಚಿಸಿ, ಸಂತ್ರಸ್ತೆಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ನೀಡುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಹೋದ ಗೌಪ್ಯತೆಯನ್ನು ಹಣ ಮರಳಿ ತರಲಾರದು. ಆದರೂ ಹೊಣೆ ಸರ್ಕಾರದ್ದೆಂದು ಗುರುತಿಸಿದ್ದು ದೊಡ್ಡ ಮಾತು. ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ (ಹಿಂದೆ ಐಪಿಸಿ 228ಎ).

ಎಫ್‌ಐಆರ್ ಅಷ್ಟೇ ಅಲ್ಲ, ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಪ್ರತಿ ಠಾಣೆ ಮತ್ತು ಜಿಲ್ಲಾ ಕೇಂದ್ರದಲ್ಲಿ ಡಿಜಿಟಲ್ ರೂಪದಲ್ಲೂ ಪ್ರದರ್ಶಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 37ನೇ ಸೆಕ್ಷನ್ ಹೇಳುತ್ತದೆ. ಇದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ ಸಿಆರ್‌ಪಿಸಿಯಲ್ಲಿ ಇದರ ಜಾಗದಲ್ಲಿ 41ಸಿ ಸೆಕ್ಷನ್ ಇತ್ತು.

ಹಲವರು ಎಡವುವುದು ಆರೋಪಪಟ್ಟಿಯ ವಿಷಯದಲ್ಲಿ. ಸೌರವ್ ದಾಸ್ ಪ್ರಕರಣದಲ್ಲಿ (2023ರ ಜನವರಿ 20) ಸುಪ್ರೀಂ ಕೋರ್ಟ್, ಆರೋಪಪಟ್ಟಿ ಸಾರ್ವಜನಿಕ ದಾಖಲೆಯಲ್ಲ, ಅದನ್ನು ಜಾಲತಾಣದಲ್ಲಿ ಹಾಕಬೇಕಿಲ್ಲ ಎಂದಿತು.