ಉಪ್ಪುನೀರಿನ ಗದ್ದೆಗೆ ಮೊದಲು ಹೋಗು

ತಂಗೀ, ಹವಾಮಾನ ಓದಲಿಕ್ಕೆ ಕೊಚ್ಚಿಗೆ ಹೊರಟಿದ್ದೀಯ, ಸಂತೋಷ. ಪ್ರಯೋಗಾಲಯ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲ ರಜೆ ಸಿಕ್ಕಾಗ ವೈಪಿನ್, ಕಡಮಕ್ಕುಡಿ ಕಡೆ ಹೋಗಿ ಉಪ್ಪುನೀರು ತಾಳುವ ಪೊಕ್ಕಾಳಿ ಭತ್ತದ ಗದ್ದೆ ನೋಡಿ ಬಾ. ನಮ್ಮ ಕುಮಟೆಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದ ಮನೆಯವಳು ನೀನು, ಹೊಸತೆನ್ನಿಸಲಿಕ್ಕಿಲ್ಲ.

ಅಲ್ಲಿಯ ರೈತ ಉಪ್ಪಿನ ಜೊತೆ ಕುಸ್ತಿಗೆ ಬೀಳುವುದಿಲ್ಲ. ಬೇಸಿಗೆಯಲ್ಲಿ ತೂಬು ತೆಗೆದು ನೀರು ಬಸಿದು, ಮಣ್ಣನ್ನು ಗುಡ್ಡೆ ಗುಡ್ಡೆ ಏರಿಸಿ ಬಿಡುತ್ತಾನೆ. ಜೂನ್ ಮಳೆ ಗುಡ್ಡೆಯ ಉಪ್ಪು ತೊಳೆದ ಮೇಲೆ ಮೊಳಕೆ ಬೀಜವನ್ನು ಅದರ ನೆತ್ತಿಗೇ ಬಿತ್ತುತ್ತಾನೆ. ತಿಂಗಳು ಕಳೆದು ಸಸಿ ಗಟ್ಟಿಯಾದಾಗ ಗುಡ್ಡೆ ಒಡೆದು, ಹೆಂಟೆ ಸಮೇತ ಗದ್ದೆಗೆ ಹರಡುವುದು. ಎದೆಯೆತ್ತರ ಬೆಳೆಯುವ ಪೈರು, ನೀರೇರಿದರೂ ತಲೆ ಮೇಲಿಟ್ಟಿರುತ್ತದೆ. ಅಕ್ಟೋಬರ್ ಹೊತ್ತಿಗೆ ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಮತ್ತೆ ಉಪ್ಪುನೀರು ಒಳಬಂದಾಗ ಆ ಕೊಳೆತ ಹುಲ್ಲೇ ಸಿಗಡಿಮರಿಗೆ ಆಸರೆ. ಅಮಾವಾಸ್ಯೆ-ಹುಣ್ಣಿಮೆಯ ಇಳಿತಕ್ಕೆ ತೂಬಿನ ಬಾಯಿಗೆ ಬಲೆ. ಗೊಬ್ಬರದ ಚೀಲದ ಮಾತೇ ಇಲ್ಲ.

ನೋಡಿ ಮರುಳಾಗಬೇಡ ಮತ್ತೆ. ಸೊಂಟಮಟ್ಟ ಕೆಸರಲ್ಲಿ ನಿಂತು ತೆನೆ ಕೊಯ್ಯುವವರು ಹೆಚ್ಚಾಗಿ ಹೆಂಗಸರು. ಅವರ ಮಕ್ಕಳು ಈ ಕೆಲಸ ಒಲ್ಲೆ ಎಂದರೆ ತಪ್ಪೇನು? ಕೂಲಿಗೆ ಜನವಿಲ್ಲ, ವರ್ಷವಿಡೀ ಸಿಗಡಿ ಸಾಕಿದರೆ ಲಾಭ ಜಾಸ್ತಿ, ಗದ್ದೆ ಕರಗುತ್ತಿದೆ. ಅಘನಾಶಿನಿ ದಡದ ಕಗ್ಗಕ್ಕೆ ಆದದ್ದೂ ಅದೇ. ವೈಟ್ಟಿಲದ ಭತ್ತ ಸಂಶೋಧನಾ ಕೇಂದ್ರ ಪೊಕ್ಕಾಳಿಯಿಂದ ಹೊಸ ತಳಿಗಳನ್ನು ತೆಗೆದಿದೆ, ಒಳ್ಳೆಯದೇ. ಆದರೆ ಯಾವ ತಿಥಿಗೆ ತೂಬು ಎಷ್ಟು ಎತ್ತಬೇಕೆಂಬ ಲೆಕ್ಕವನ್ನು ಬೀಜದ ಜೊತೆ ಕಟ್ಟಿಕೊಡಲಾಗದು. ಬಲ್ಲವರಿಗೆ ವಯಸ್ಸಾಗಿದೆ. ಕೇಳಿ ಬರೆದಿಡು, ಹೇಳಿದವರ ಹೆಸರು ನಿನ್ನ ಹೆಸರಿಗಿಂತ ಮೊದಲು ಬರಲಿ.

ಕಡಲ ತಿಳಿವಳಿಕೆಯೂ ಹಾಗೆಯೇ: ತಿರುವನಂತಪುರಕ್ಕೆ ಹೋದರೆ ಪೂಂತುರ, ವಿಳಿಂಜಂನ ಮೀನುಗಾರರ ದಡ ಬಿಡಬೇಡ. ಗಾಳಿಮಳೆ ಇಲ್ಲದ ದಿನವೂ ದಡಕ್ಕೆ ನುಗ್ಗುವ ಅಲೆಗೆ ಅಲ್ಲಿಯ ಮೀನುಗಾರರು ‘ಕಳ್ಳಕ್ಕಡಲ್’ ಅನ್ನುತ್ತಾರೆ. ಅದು ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ ಬರುವುದೆಂದು ವಿಜ್ಞಾನಿಗಳು ಕಂಡುಕೊಂಡರು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಈಗ ಅದೇ ಹೆಸರಲ್ಲಿ ಎಚ್ಚರಿಕೆ ಕೊಡುತ್ತದೆ. ಹಾಗಂತ ಹಳಬರಿಗೆ ಎಲ್ಲ ಗೊತ್ತು ಎಂಬ ಭ್ರಮೆಯೂ ಬೇಡ. 2017ರ ನವೆಂಬರ್ ಕೊನೆಯ ಓಖಿ ಚಂಡಮಾರುತದಲ್ಲಿ ಕಡಲಲ್ಲಿದ್ದ ಎಷ್ಟೋ ದೋಣಿಗಳಿಗೆ ಎಚ್ಚರಿಕೆ ತಲುಪಲಿಲ್ಲ, ಅನುಭವವೊಂದೇ ಕಾಯಲಿಲ್ಲ. ಆ ದಡದವರೇ ಮರುವರ್ಷದ ಆಗಸ್ಟ್ ನೆರೆಗೆ ದೋಣಿಗಳನ್ನು ಲಾರಿಗೇರಿಸಿ ಒಳನಾಡಿಗೆ ಒಯ್ದು ಜನರನ್ನು ಉಳಿಸಿದರು. ಉಪಗ್ರಹದ ಚಿತ್ರ ಓದುವುದನ್ನು ನೀನು ಹೇಗೂ ಕಲಿಯುತ್ತೀಯ. ಅದನ್ನು ಮೀನುಗಾರರಿಗೆ ತಿಳಿಯುವ ಮಲಯಾಳದಲ್ಲಿ ಹೇಳುವುದನ್ನೂ ಕಲಿ.

ದಡಕ್ಕೆ ಸಂಜೆ ಹೋಗು. ಬೆಳಿಗ್ಗೆ ಮೀನು ಇಳಿಸುವ ಹೊತ್ತಲ್ಲಿ ಅವರಿಗೆ ಪುರುಸೊತ್ತಿರುವುದಿಲ್ಲ. ಮೀನು ಕೊಳ್ಳದೆ ಅಡ್ಡ ನಿಂತವರನ್ನು ಕಂಡರೆ ರೇಗುವುದೂ ಉಂಟು.