ಇಲಿಯ ಮೆದುಳಿನ ಮಧ್ಯಾಹ್ನ

ಮಕ್ಕಳೇ, ಪ್ರೌಢಾವಸ್ಥೆ ಬಂದಾಗ ಪಿಟ್ಯುಟರಿ ಗ್ರಂಥಿ ಹಾರ್ಮೋನು ಸ್ರವಿಸುತ್ತದೆ ಅಂತ ಪಾಠದಲ್ಲಿ ಓದಿದ್ದೀರಿ. ಯಾವ ಹೊತ್ತಿಗೆ ಅಂತ ಯಾರಾದ್ರೂ ಕೇಳಿದ್ರಾ?

ಪ್ರಯೋಗಾಲಯದ ಹೆಣ್ಣಿಲಿ ಸುಮಾರು 5 ವಾರಕ್ಕೆ ಪ್ರೌಢವಾಗುತ್ತದೆ. ಆಮೇಲೆ 4–5 ದಿನಕ್ಕೊಮ್ಮೆ ಅಂಡ ಬಿಡುಗಡೆ. ಅದರ ಹಿಂದಿನ ಮಧ್ಯಾಹ್ನ ಎಲ್.ಎಚ್. ಎಂಬ ಹಾರ್ಮೋನು ರಕ್ತದಲ್ಲಿ ಒಮ್ಮೆಲೇ ಏರಬೇಕು. 1950ರಲ್ಲಿ ಅಮೆರಿಕದ ಎವರೆಟ್ ಮತ್ತು ಸಾಯರ್, ದಿನವೂ ಒಂದೇ ಹೊತ್ತಿಗೆ ದೀಪ ಹಚ್ಚಿ ಆರಿಸುವ ಕೋಣೆಯಲ್ಲಿ, ಆ ದಿನ 2 ಗಂಟೆಗೆ ಮುಂಚೆ ಇಲಿಗಳಿಗೆ ನಿದ್ದೆಮದ್ದು ಕೊಟ್ಟರು. ಅಂಡ ಬಿಡುಗಡೆಯಾಗಲಿಲ್ಲ. ಮದ್ದಿನ ಅಮಲು ಇಳಿದ ಕೂಡಲೇ ಆಗಬೇಕಿತ್ತಲ್ವಾ? ಇಲ್ಲ, ಪೂರಾ 24 ಗಂಟೆ ತಡ! 4 ಗಂಟೆ ದಾಟಿದ ಮೇಲೆ ಕೊಟ್ಟರೆ ಮದ್ದು ಏನೂ ಮಾಡಲಿಲ್ಲ.

ಅಂದ್ರೆ ಮೆದುಳು ಹೊತ್ತು ನೋಡಿ ಅಪ್ಪಣೆ ಕೊಡುತ್ತೆ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಹೈಪೋಥಲಾಮಸ್‌ನಲ್ಲಿರುವ ಪುಟ್ಟ ನರಕೋಶಗಳ ಗುಂಪೇ ಆ ಗಡಿಯಾರ. ಬೆಳಕು ನೋಡಿ ಅದು ಹೊತ್ತು ಸರಿಮಾಡಿಕೊಳ್ಳುತ್ತೆ.

ಮೊದಲ ಅಂಡ ಬರುವ ಕೆಲವು ದಿನ ಮುಂಚೆಯೇ ಎಳೆಯ ಹೆಣ್ಣಿಲಿಯಲ್ಲಿ ಮಧ್ಯಾಹ್ನದ ಎಲ್.ಎಚ್. ಸ್ವಲ್ಪ ಸ್ವಲ್ಪ ಏರತೊಡಗುತ್ತದೆ. ಬೆಳಿಗ್ಗೆ ಮಾತ್ರ ರಕ್ತ ಪರೀಕ್ಷಿಸಿದವರಿಗೆ ಇದು ಕಾಣೋದೇ ಇಲ್ಲ. ಮನುಷ್ಯರಲ್ಲಿ, ನಿಮ್ಮಂಥ ಮಕ್ಕಳಲ್ಲಿ, ಅದು ಮೊದಲು ಏರುವುದು ರಾತ್ರಿ ನಿದ್ದೆಯಲ್ಲಿ. ಹಗಲಿನ ರಕ್ತದಲ್ಲಿ ಆಗಿನ್ನೂ ಸುಳಿವೇ ಸಿಗದಿರಬಹುದು.