ಶಿಫಾರಸು ಪತ್ರವೂ ಗುರುಸಾಕ್ಷಿಯೂ

ಉನ್ನತ ವ್ಯಾಸಂಗಕ್ಕಾಗಲಿ ಉದ್ಯೋಗಕ್ಕಾಗಲಿ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗೆ ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕಾಗುವುದುಂಟು. 'ಶಿಫಾರಸು' ಎಂಬುದು ಪಾರಸಿ ಮೂಲದ ಶಬ್ದ. ಲೋಕರೂಢಿಯಲ್ಲಿ ಅದಕ್ಕೆ ವಶೀಲಿಯ ಛಾಯೆ ಅಂಟಿಕೊಂಡಿದೆ. ಆದುದರಿಂದಲೇ ಸ್ವಾಭಿಮಾನಿಯಾದ ವಿದ್ಯಾರ್ಥಿಯು ಅದನ್ನು ಕೇಳಲು ಸಂಕೋಚಪಡುತ್ತಾನೆ. ಸಂಕೋಚವಿಲ್ಲದವನು ತನ್ನನ್ನು ಅರಿಯದ ದೊಡ್ಡವರ ಬಾಗಿಲು ತಟ್ಟುತ್ತಾನೆ. ಇವೆರಡೂ ಸಲ್ಲವು. ಕೇಳುವ ಸರಿಯಾದ ಬಗೆಯನ್ನು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಜೀವನದಿಂದ ತಿಳಿಯಬಹುದು.

ರಾಮಾನುಜನ್ ಗಣಿತವೊಂದರಲ್ಲೇ ಮಗ್ನರಾಗಿ ಎಫ್.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಪದವಿಯಿಲ್ಲದ ಆ ತರುಣನ ಕೈಯಲ್ಲಿದ್ದುದು ಸೂತ್ರಗಳನ್ನು ಬರೆದಿಟ್ಟ ನೋಟುಪುಸ್ತಕಗಳು ಮಾತ್ರ. 1910ರಲ್ಲಿ ಅವುಗಳನ್ನು ಹಿಡಿದು, ಭಾರತೀಯ ಗಣಿತ ಸಂಘದ ಸ್ಥಾಪಕರಾದ ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು, ಕಂದಾಯ ಇಲಾಖೆಯಲ್ಲಿ ಒಂದು ಗುಮಾಸ್ತೆಗಿರಿಯನ್ನು ಬೇಡಿದರು. ಅಯ್ಯರ್ ಅವರು ಕೆಲಸ ಕೊಡಲಿಲ್ಲ. ಇಂತಹ ಪ್ರತಿಭೆ ಕಡತಗಳಲ್ಲಿ ಹೂತುಹೋಗಬಾರದೆಂದು ಬಗೆದು, ಗಣಿತ ಬಲ್ಲವರಿಗೆ ಪರಿಚಯಪತ್ರ ಕೊಟ್ಟು ಕಳುಹಿಸಿದರು. ಹೀಗೆ ಕುಂಭಕೋಣದಲ್ಲಿ ಗುರುಗಳಾಗಿದ್ದ ಶೇಷು ಅಯ್ಯರ್ ಅವರ ಮೂಲಕ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರರಾಯರ ಆಶ್ರಯ ದೊರೆಯಿತು. ಪರರ ಹಂಗಿನಲ್ಲಿ ಬಹುಕಾಲ ಇರಲೊಲ್ಲದ ರಾಮಾನುಜನ್ 1912ರಲ್ಲಿ ಮದರಾಸು ಬಂದರು ಮಂಡಲಿಗೆ ಅರ್ಜಿ ಹಾಕಿದರು. ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟ್ ಅವರು ಈತನ ಗಣಿತಶಕ್ತಿ ಅಸಾಧಾರಣವೆಂದು ಬರೆದುಕೊಟ್ಟರು. ತಿಂಗಳಿಗೆ 30 ರೂಪಾಯಿಯ ಗುಮಾಸ್ತೆಗಿರಿ ದೊರೆಯಿತು. 1913ರಲ್ಲಿ ಗಿಲ್ಬರ್ಟ್ ವಾಕರ್ ಅವರು ನೋಟುಪುಸ್ತಕಗಳನ್ನು ನೋಡಿ ವಿಶ್ವವಿದ್ಯಾನಿಲಯಕ್ಕೆ ಬರೆದರು. ಪದವಿಯಿಲ್ಲದವರಿಗೂ 75 ರೂಪಾಯಿಯ ಮಾಸಿಕ ಸಂಶೋಧನ ವೇತನ ಮಂಜೂರಾಯಿತು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಒಂದು, ರಾಮಾನುಜನ್ ಬರಿಗೈಯಲ್ಲಿ ಹೋಗಲಿಲ್ಲ. ತಮ್ಮ ಕೃತಿಯನ್ನು ಮುಂದಿಟ್ಟರು. ಎರಡು, ಬರೆದವರು ಆ ವಿಷಯವನ್ನು ಬಲ್ಲವರು. ಮೂರು, ಮೊದಲ ನಿರಾಕರಣೆಯೇ ಮುಂದಿನ ದಾರಿಯನ್ನು ತೆರೆಯಿತು.

ಆದುದರಿಂದ ವಿದ್ಯಾರ್ಥಿಯು ತನಗೆ ಪಾಠ ಹೇಳಿದವರನ್ನೇ ಕೇಳಬೇಕು. ಕಡೆಯ ದಿನ ಓಡಿಹೋಗದೆ, ಕೆಲವು ವಾರ ಮೊದಲೇ ಹೋಗಿ, ಅಂಕಪಟ್ಟಿ, ತಾನು ಬರೆದ ಪ್ರಬಂಧ, ಸೇರಬಯಸುವ ವ್ಯಾಸಂಗದ ವಿವರ, ಕಳುಹಿಸಬೇಕಾದ ವಿಳಾಸ, ಕೊನೆಯ ದಿನಾಂಕ ಇವಿಷ್ಟನ್ನೂ ಒಪ್ಪಿಸಬೇಕು. "ತಮಗೆ ನನ್ನ ವಿಷಯವಾಗಿ ಒಳ್ಳೆಯ ಮಾತು ಬರೆಯಲು ಮನಸ್ಸಿದ್ದರೆ ಮಾತ್ರ ದಯಮಾಡಿ ಬರೆಯಬೇಕು" ಎಂದು ವಿನಯದಿಂದ ಕೇಳಿದರೆ ಗುರುಗಳಿಗೂ ಸಂಕಟವಿಲ್ಲ. ಫಲವೇನಾದರೂ ಆಗಲಿ, ಅವರಿಗೆ ತಿಳಿಸಿ ಬರುವುದು ಶಿಷ್ಯಧರ್ಮ.

ಅಧ್ಯಾಪಕರಿಗೂ ಒಂದು ಹೊಣೆಯುಂಟು. ಎಲ್ಲರಿಗೂ ಒಂದೇ ಹೊಗಳಿಕೆಯನ್ನು ಹಂಚಿದರೆ ನಿಜವಾದ ಯೋಗ್ಯನಿಗೆ ಅನ್ಯಾಯವಾಗುತ್ತದೆ. ತಾವು ಕಂಡುದನ್ನು ಕಂಡಂತೆ ಬರೆದ ನಾಲ್ಕು ಸಾಲೇ ಬಡ ವಿದ್ಯಾರ್ಥಿಗೆ ದೊಡ್ಡ ಆಸ್ತಿ.